ಟೀ ಜಾಲರಿ

ಟೀ ಸೋಸುವ ಜಾಲರಿ ಎಲ್ಲೂ ಕಾಣಲಿಲ್ಲ. ಅಕ್ಕ ಡಬ್ಬಿಗಳ ಹಿಂದೆ, ಸಿಂಕಿನ ಕೆಳಗೆ, ಕೊನೆಗೆ ಕಸದ ಬುಟ್ಟಿಯಲ್ಲೂ ಕೈಯಾಡಿಸಿ, "ಈ ಮನೇಲಿ ಒಂದು ವಸ್ತು ಇಟ್ಟ ಜಾಗದಲ್ಲಿ ಇದ್ರೆ ಕೇಳು," ಎಂದು ಗೊಣಗಿದಳು.

"ಹುಡುಕಬೇಡ, ಬಾತ್‌ರೂಮಲ್ಲಿದೆ," ಎಂದಳು ಬಾಗಿಲಲ್ಲಿ ನಿಂತಿದ್ದ ತಂಗಿ. "ಇನ್ಮೇಲೆ ಅದರಲ್ಲಿ ಟೀ ಸೋಸೋ ಹಾಗಿಲ್ಲ."

ಅವಳ ಕೈಯಲ್ಲೊಂದು ಪುಟ್ಟ ಸ್ಟೀಲ್ ಡಬ್ಬಿ ಇತ್ತು. ಮುಚ್ಚಳ ತೆಗೆದು ಅಕ್ಕನ ಮುಂದೆ ಟಕ್ಕನೆ ಕುಕ್ಕಿದಳು. ಒಳಗೆ ಇಟ್ಟಿಗೆ ಬಣ್ಣದ ಕ್ಯಾಪ್ಸೂಲುಗಳು, ಚೆನ್ನಾಗಿ ತೊಳೆದು ಒರೆಸಿಟ್ಟವು.

"ನಿನ್ನ ಮಾತ್ರೆಗಳು. ನನ್ನ ಹೊಟ್ಟೆಯೆಲ್ಲ ಸುತ್ತಿ, ಪ್ರವಾಸ ಮುಗಿಸ್ಕೊಂಡು, ಹೋದ ಹಾಗೇ ವಾಪಸ್ ಬಂದಿವೆ."

ಅಕ್ಕನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಕೈ ಹಿಂದೆಳೆದುಕೊಂಡಳು.

"ಹೂಂ, ಹೇಸಿಗೆ ಪಡು. ನಾನು ಪಟ್ಟು ಮುಗಿಸಿದೀನಿ."

ತಂಗಿ ಸಿಟಿ ಬಸ್ಸಿನ ಡ್ರೈವರು. ದೊಡ್ಡ ಕರುಳಿನಲ್ಲಿ ಹುಣ್ಣಾಗಿ, ರಕ್ತ ಹೋಗಲು ಶುರುವಾದ ಮೇಲೆ ಅವಳ ಬದುಕು ಶೌಚಾಲಯಗಳ ನಕ್ಷೆಯಾಗಿಬಿಟ್ಟಿತ್ತು. ಒಂದು ದಿನ ತುಂಬಿದ ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಪೆಟ್ರೋಲ್ ಬಂಕಿಗೆ ಓಡಿದ್ದಳು. ವಾಪಸು ಬರುವಷ್ಟರಲ್ಲಿ ಯಾರೋ ವಿಡಿಯೋ ಮಾಡಿಯಾಗಿತ್ತು. ಡಿಪೋದವರು ಸ್ಟೀರಿಂಗ್ ಕಿತ್ತುಕೊಂಡು ಪಾಸ್ ಕೊಡುವ ಕೌಂಟರಿನಲ್ಲಿ ಕೂರಿಸಿದರು. ಔಷಧಿ ನಾಟುತ್ತಿಲ್ಲ, ಸೋಮವಾರ ದೊಡ್ಡ ಕರುಳನ್ನೇ ತೆಗೆದು, ಮಲ ಸೇರಲು ಹೊಟ್ಟೆಗೊಂದು ಚೀಲ ಕಟ್ಟುವುದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ನಾಟದ ಔಷಧಿಯ ಕವಚವನ್ನು ಔಷಧಿ ಕಂಪನಿಯ ಲ್ಯಾಬಿನಲ್ಲಿ ರೂಪಿಸಿದವಳು ಅಕ್ಕ. ಮನೆಗೆ ಬಂದವರಿಗೆಲ್ಲ ಅಮ್ಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು ಅದು.

"ಅದು ಖಾಲಿ ಸಿಪ್ಪೆ ಕಣೇ," ಎಂದಳು ಅಕ್ಕ. "ಔಷಧಿ ಒಳಗೇ ಬಿಟ್ಟಿರುತ್ತೆ. ಕೆಲವೊಮ್ಮೆ ಸಿಪ್ಪೆ ಮಾತ್ರ ಹಾಗೇ..."

"ಸಾಕು ನಿಲ್ಸು! ಹೋದ ತಿಂಗಳೂ ನೀನು ಇದನ್ನೇ ಹೇಳ್ದೆ. ಮಾತ್ರೆ ಹಾಗೇ ಹೊರಗೆ ಬರ್ತಿದೆ ಅಂತ ಡಾಕ್ಟ್ರಿಗೆ ಹೇಳಿದ್ರೆ ನಕ್ಕರು, ನಿನಗೆ ಹೇಳಿದ್ರೆ ಪಾಠ ಮಾಡ್ದೆ. ಅದಕ್ಕೇ ಮಾನ ಮರ್ಯಾದೆ ಬಿಟ್ಟು ಜಾಲರಿ ಹಿಡ್ಕೊಂಡು ಕೂತೆ. ಕತ್ತರಿಸು ಈಗ. ನನ್ನ ಕಣ್ಮುಂದೆ ಕತ್ತರಿಸು."

ಅಕ್ಕ ತರಕಾರಿ ಚಾಕು ತೆಗೆದುಕೊಂಡಳು. ಕವಚ ಸುಲಭಕ್ಕೆ ಬಗ್ಗಲಿಲ್ಲ. ಅಷ್ಟು ಗಟ್ಟಿಯಾಗಿ ಮಾಡಿದವಳು ಅವಳೇ. ಒತ್ತಿದಾಗ ಎರಡು ಹೋಳಾಗಿ, ಬಿಳಿ ಪುಡಿ ಮಣೆಯ ಮೇಲೆ ಚೆಲ್ಲಿತು. ಒಣಗಿದ ಪುಡಿ, ಒಂದು ಹನಿ ತೇವವಿಲ್ಲ. ಇನ್ನೊಂದು ಕತ್ತರಿಸಿದಳು. ಅದೂ ಹಾಗೇ.

"ಖಾಲಿನಾ?" ಎಂದು ಕೇಳಿದ ತಂಗಿ ಉತ್ತರಕ್ಕೆ ಕಾಯಲಿಲ್ಲ. ಬಾತ್‌ರೂಮಿನ ಚಿಲಕ ಬಿದ್ದ ಸದ್ದಾಯಿತು.

ಜಠರದ ಹುಳಿಗೆ ಜಗ್ಗಬಾರದು, ಹುಳಿ ಇಳಿದ ಮೇಲೆ ಕರುಳಿನ ಕೊನೆಯಲ್ಲಿ ಕರಗಬೇಕು, ಇಷ್ಟೇ ಆ ಕವಚದ ಗುಟ್ಟು. ಲ್ಯಾಬಿನಲ್ಲಿ ಅದನ್ನು ಕರಗಿಸಿ ನೋಡುವ ಪರೀಕ್ಷೆಯ ನೀರನ್ನು ಅದಕ್ಕೆ ತಕ್ಕಂತೆ ಹದ ಮಾಡಿದ್ದರು, ಅದೂ ಆರೋಗ್ಯವಂತರ ಕರುಳಿನ ಹದ. ಹುಣ್ಣಾದ ಕರುಳಿನಲ್ಲಿ ಹುಳಿ ಪೂರ್ತಿ ಇಳಿಯುವುದಿಲ್ಲ, ಮೇಲಾಗಿ ಅದು ಬಂದದ್ದನ್ನೆಲ್ಲ ಅವಸರದಲ್ಲಿ ಹೊರಗೆ ತಳ್ಳುತ್ತದೆ. ಅಲ್ಲ, ಚೆನ್ನಾಗಿರುವ ಕರುಳಿನವರು ಈ ಮಾತ್ರೆಯನ್ನು ಯಾಕಾದರೂ ನುಂಗುತ್ತಾರೆ? ಇಷ್ಟು ಓದಿದವರ ಗುಂಪಿಗೆ, ತನ್ನನ್ನೂ ಸೇರಿಸಿ, ಈ ಪ್ರಶ್ನೆ ಹೊಳೆಯಲಿಲ್ಲವಲ್ಲ ಎಂದು ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಲ್ಯಾಬಿನಲ್ಲಿ ಅವಳು ಯಾರನ್ನೂ ಕೇಳಲು ಹೋಗಲಿಲ್ಲ. ನೀರಿಗೆ ಹನಿಹನಿಯಾಗಿ ಆಮ್ಲ ಬಿಟ್ಟು, ಹುಳಿ ಅಳೆಯುವ ಮೀಟರಿನ ಮುಳ್ಳು ರೋಗಿಯ ಕರುಳಿನ ಹದಕ್ಕೆ ಬಂದಾಗ ನಿಲ್ಲಿಸಿದಳು. ಗಾಜಿನ ಪಾತ್ರೆಗಳ ಸಾಲಿಗೆ ಹೊಸ ಕ್ಯಾಪ್ಸೂಲುಗಳನ್ನು ಬಿಟ್ಟು ಕಲಕುವ ಯಂತ್ರ ಹಾಕಿದಳು. ಊಟದ ಹೊತ್ತು ಕಳೆದರೂ ಒಂದೂ ಬಾಯಿಬಿಡಲಿಲ್ಲ.

ಮೇಲಧಿಕಾರಿ ಬಂದು ನಿಂತರು. ಎಲ್ಲ ಪ್ರಶ್ನೆಗೂ ಅವರದು ಒಂದೇ ಉತ್ತರವಾದ್ದರಿಂದ ಲ್ಯಾಬಿನವರು ಬೆನ್ನ ಹಿಂದೆ ಅವರನ್ನು ಸರಾಸರಿ ಸಾಹೇಬರು ಎನ್ನುತ್ತಿದ್ದರು.

"ಏನಮ್ಮ ಇದು? ಪಾಸಾಗಿ ಮಾರ್ಕೆಟ್ಟಿಗೆ ಹೋಗಿರೋ ಮಾಲು."

"ಚೆನ್ನಾಗಿರೋರ ಕರುಳಲ್ಲಿ ಪಾಸು ಸಾರ್. ಕಾಯಿಲೆಯವರ ಕರುಳಲ್ಲಿ ಫೇಲು. ನನ್ನ ತಂಗಿ ಹೊಟ್ಟೇಲಿ ಒಂದೂ ಕರಗಿಲ್ಲ."

"ಒಬ್ಬರ ಹೊಟ್ಟೆ ಕಟ್ಕೊಂಡು ಏನ್ಮಾಡೋದು? ಸರಾಸರಿ ನೋಡ್ಬೇಕು."

"ನನ್ನ ತಂಗಿಗೆ ಸರಾಸರಿ ಕರುಳಿಲ್ಲ ಸಾರ್! ಇರೋದು ಒಂದೇ. ಸೋಮವಾರ ಅದನ್ನೂ ಕತ್ತರಿಸಿ ಬಿಸಾಕ್ತಾರೆ."

ಅವಳ ದನಿ ಅಷ್ಟು ಏರಿದ್ದನ್ನು ಲ್ಯಾಬು ಎಂದೂ ಕೇಳಿರಲಿಲ್ಲ. ಸಾಹೇಬರು ಕಣ್ಣು ತಪ್ಪಿಸಿ, ಮೇಜಿನ ಮೇಲಿದ್ದ ಜಾಲರಿಯನ್ನು ಎತ್ತಿ ತಿರುಗಿಸಿ ನೋಡಿದರು. "ಇದ್ಯಾಕೆ ಇಲ್ಲಿ? ಲ್ಯಾಬಿಂದಾ?"

"ನಮ್ಮನೆ ಬಾತ್‌ರೂಮಿಂದು. ಹೊರಗೆ ಬಂದ ಮಾತ್ರೆಗಳನ್ನ ಅವಳು ಹಿಡಿದಿದ್ದು ಇದರಲ್ಲೇ."

ಜಾಲರಿ ಠಣ್ಣೆಂದು ಕೆಳಗೆ ಬಿತ್ತು. ಸಾಹೇಬರು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತರು.

"ತೊಳೆದಿದೀನಿ ಸಾರ್, ಹೆದರ್ಬೇಡಿ," ಎಂದು ಅಕ್ಕ ಅದನ್ನೆತ್ತಿಕೊಂಡು, ಯಂತ್ರ ನಿಲ್ಲಿಸಿ, ಕ್ಯಾಪ್ಸೂಲುಗಳನ್ನು ಒಂದೊಂದಾಗಿ ಅದರಲ್ಲೇ ಎತ್ತಿ ಅವರ ಮುಂದೆ ಸುರಿದಳು. ಒಂದರ ಬಣ್ಣವೂ ಮಾಸಿರಲಿಲ್ಲ.

"ನೋಡಿ, ಈ ಮಾತು ಹೊರಗೆ ಹೋದ್ರೆ ನಿಮ್ಮ ಕೆಲಸ ಉಳಿಯಲ್ಲ," ಎಂದರು ಸಾಹೇಬರು ತಗ್ಗಿದ ದನಿಯಲ್ಲಿ.

ಅಕ್ಕ ಅವರ ಮುಖ ನೋಡುತ್ತಲೇ ಫೋನು ಹಚ್ಚಿದಳು. "ಡಾಕ್ಟ್ರೇ, ಸೋಮವಾರ ನೀವು ಆಪರೇಷನ್ ಮಾಡ್ಬೇಕಾಗಿರೋ ಬಸ್ ಡ್ರೈವರಿನ ಅಕ್ಕ ನಾನು. ಆ ಮಾತ್ರೆ ಸಿಪ್ಪೆ ಮಾಡಿದವಳೂ ನಾನೇ. ಔಷಧಿ ಸೋತಿಲ್ಲ, ಅದು ಸಿಪ್ಪೆಯಿಂದ ಆಚೆಗೇ ಬಂದಿಲ್ಲ. ಅವಳು ಹೇಳಿದ್ಲಲ್ಲ, ನೀವು ನಕ್ಕಿರಂತಲ್ಲ."

ಡಾಕ್ಟರು ಏನೇನೋ ಕೇಳಿದರು, ಅವಳು ಎಲ್ಲವನ್ನೂ ಹೇಳಿದಳು. ಸಾಹೇಬರು ಕೈ ತೊಳೆಯಲು ಹೋದರು.

ಸಂಜೆ ತಂಗಿ ಅಡುಗೆಮನೆಯಲ್ಲಿ ಟೀಗೆ ನೀರಿಟ್ಟಿದ್ದಳು. ಅಕ್ಕ ಚಪ್ಪಲಿಯನ್ನೂ ಬಿಡದೆ ಹೇಳಿದಳು: "ಸೋಮವಾರ ಆಪರೇಷನ್ ಇಲ್ಲ. ಅದೇ ಔಷಧೀನ ಸಿಪ್ಪೆ ಇಲ್ದೆ, ಕೆಳಗಿಂದ ನೇರ ಕರುಳಿಗೆ ಬಿಡ್ತಾರಂತೆ. ಅದಕ್ಕೆ ಹುಣ್ಣು ಬಗ್ಗಿದ್ರೆ ಸರಿ. ಇಲ್ದಿದ್ರೆ ಕತ್ತರಿಸೋದೇ ಅಂದ್ರು."

"ಮೇಲಿಂದ ಆಯ್ತು, ಇನ್ನು ಕೆಳಗಿಂದ," ಎಂದಳು ತಂಗಿ. ನಗಲಿಲ್ಲ. "ನಿನ್ನ ಕೆಲಸ?"

"ಗೊತ್ತಿಲ್ಲ."

"ಹೋದ ತಿಂಗಳು ನಾನು ಹೇಳ್ದಾಗಲೇ ಒಂದು ಕತ್ತರಿಸಿ ನೋಡಿದ್ದಿದ್ರೆ?"

ಅಕ್ಕ ಕುರ್ಚಿಯ ಅಂಚಿನಲ್ಲಿ ಕೂತಳು. ತಂಗಿ ಕುದ್ದ ಟೀಯನ್ನು ಸೋಸದೆ ಹಾಗೇ ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಅಕ್ಕನ ಕಡೆ ದೂಡಿದಳು. ಟೀ ಪುಡಿ ಮೇಲೆಲ್ಲ ತೇಲುತ್ತಿತ್ತು. ಅದು ತಳಕ್ಕಿಳಿಯಲೆಂದು ಇಬ್ಬರೂ ಲೋಟ ಮುಟ್ಟದೆ ಕೂತರು.