ಬೆಳಚು ಇಲ್ಲದ ಅಳಿವೆ

ಸಮುದ್ರದ ಇಳಿತದ ಹೊತ್ತಿಗೆ ಹೀರಾ ಅಳಿವೆಯ ಮೊಣಕಾಲುದ್ದ ಕೆಸರಿಗೆ ಇಳಿಯುತ್ತಾಳೆ. ಕಾಲಲ್ಲೇ ತಡಕಿ ಬೆಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾಳೆ. ಚಿಪ್ಪು ಕೊರೆದ ಅವಳ ಹಿಮ್ಮಡಿಯ ಗಾಯ ಮಾಯುವುದೇ ಇಲ್ಲ. ಚೆಂಡಿಯಾ ಊರಿನ ಗದ್ದೆ ನೌಕಾನೆಲೆಗೆ ಹೋದ ಮೇಲೆ ಅಂಕೋಲೆಯ ಕಡೆ ಬಂದು ನೆಲೆನಿಂತ ಆ ಮನೆಗೆ ಇದೇ ಅನ್ನ. ಮಗಳು ದೀಕ್ಷಾ ಕಾರವಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅದೇ ಬೆಳಚಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು.

ನಾರ್ವೆಯ ಒಂದು ವಿಶ್ವವಿದ್ಯಾಲಯ ಅವಳನ್ನು ಕರೆಯಿತು. ಚಳಿಗಾಲವಿಡೀ ಅಲ್ಲಿಯ ಪ್ರಯೋಗಾಲಯದಲ್ಲಿ ಕೆಲಸ. ಖರ್ಚೆಲ್ಲ ಅವರದೇ. ಹೀರಾ ಕೇರಿಗೆಲ್ಲ ಬೆಲ್ಲ ಹಂಚಿದಳು.

ಪಾಸ್‌ಪೋರ್ಟಿನ ತನಿಖೆ ಠಾಣೆಗೆ ಬಂತು. ಅಲ್ಲೇ ಸಿಕ್ಕಿಕೊಂಡಿತು.

"ನಿನ್ನ ಮೇಲೆ ಕೇಸ್ ಅದೆ," ಎಂದ ಹವಾಲ್ದಾರ ಸುನಿಲ. "ಅಳಿವೇಲಿ ಹೊಸ ಬಂದರಿನ ಸರ್ವೆಯವ್ರನ್ನ ಊರವ್ರು ತಡೆದ್ರಲ್ಲ, ಅದ್ರಲ್ಲಿ ನೀನೂ ಇದ್ದೆ."

"ನಾ ನೀರಿನ ಸ್ಯಾಂಪಲ್ ತೆಗೀತಾ ಇದ್ದೆ ಸರ್."

"ಫೋಟೊದಲ್ಲಿ ಕೈಯಲ್ಲಿ ಬಾಟ್ಲಿ ಕಾಣ್ತದೆ. ಹೊಡೀಲಿಕ್ಕೆ ಹಿಡ್ಕಂಡದ್ದು ಅಂತ ಬರ್ದಾಗದೆ."

ದೀಕ್ಷಾಗೆ ನಗು ಬಂತು. ಸುನಿಲ ನಗಲಿಲ್ಲ.

ಕೆಲವು ದಿನಗಳಲ್ಲಿ ಬಂದರು ಕಂಪನಿಯ ಸಂದೀಪ ಕಾರಿನಲ್ಲಿ ಮನೆಗೇ ಬಂದ. "ಕೇಸ್ ನಾವು ತೆಗೆಸ್ತೇವೆ ತಂಗಿ. ಬಂದರಿಗೆ ಪರವಾನಗಿ ಸಿಗ್ಲಿಕ್ಕೆ ಈ ಅಳಿವೆಯಲ್ಲಿ ಬೆಳಚು ಇಲ್ಲ ಅಂತ ಒಂದು ವರದಿ ಆಗ್ಬೇಕು. ನೀನು ಓದಿದವಳು, ನಿನ್ನ ಸಹಿ ಸಾಕು."

ಹೀರಾಳ ಬುಟ್ಟಿ ಅವನ ಬೂಟಿನ ಪಕ್ಕದಲ್ಲೇ ಇತ್ತು, ತುಂಬಿ.

ಅವನು ಹೋದ ಮೇಲೆ ಹೀರಾ ಅಂದಳು, "ಹಾಕು ಮಗಾ. ಬೆಳಚು ಎಂತಾ ಅಳ್ತದಾ?"

"ಬಂದರು ಬಂದ್ರೆ ನೀ ಎಂತಾ ತಿಂಬೂದು ಆಯಿ?"

"ನಾ ಹೆಂಗೋ ತಿಂತೆ. ನೀ ಹೋಗು."

ದೀಕ್ಷಾ ಸಹಿ ಹಾಕಲಿಲ್ಲ. ಹೀರಾ ಅವಳೊಡನೆ ಮಾತು ಬಿಟ್ಟಳು.

ವರದಿ ಹೇಗೂ ಬಂತು. ಅಡಿಯಲ್ಲಿ ದೀಕ್ಷಾಳ ಮಾರ್ಗದರ್ಶಕ ಮಾಬ್ಲೇಶ್ವರರ ಸಹಿ ಇತ್ತು. ಅವಳು ಅವರ ಕೋಣೆಗೆ ಓಡಿದಳು.

"ಬೆಳಚು ಎಲ್ಲೆಲ್ಲಿ ಉಂಟು ಅಂತ ನಾನೇ ತೋರ್ಸಿದ್ದೆ. ಇಲ್ಲ ಅಂತ ಹೆಂಗೆ ಬರೆದ್ರಿ ಸರ್?"

ಅವರು ಕಿಟಕಿಯ ಕಡೆ ನೋಡಿದರು. "ನಿನ್ನ ಪ್ರಬಂಧಕ್ಕೂ ನನ್ನ ಸಹಿಯೇ ಬೇಕು ದೀಕ್ಷಾ. ಬಾಗಿಲು ಹಾಕ್ಕೊಂಡು ಹೋಗು."

ನಾರ್ವೆಯವರು ತುಂಬ ದಿನ ಕಾದರು. ಕೊನೆಗೆ ಕ್ಷಮೆ ಕೇಳಿ ಆ ಜಾಗವನ್ನು ಬೇರೆಯವರಿಗೆ ಕೊಟ್ಟರು. ನಾರ್ವೆಗೆ ಹೋಗಬೇಕಿದ್ದವಳು ಕೋರ್ಟಿಗೆ ಹೋದಳು. ಕೇಸಿನಲ್ಲಿದ್ದ ಊರಿನ ಹೆಂಗಸರೆಲ್ಲ ಆ ದಿನದ ದುಡಿಮೆ ಬಿಟ್ಟು ಬಂದು ಜಗಲಿಯಲ್ಲಿ ಕೂತಿದ್ದರು. ಮಧ್ಯಾಹ್ನ ಗುಮಾಸ್ತ ಹೊರಗೆ ಬಂದ.

"ಸಾಹೇಬ್ರು ರಜೆ. ಮುಂದಿನ ತಾರೀಕಿಗೆ ಬನ್ನಿ."

"ಅಲ್ಲೀತನಕ ನನ್ನ ಮಗಳು ಎಲ್ಲಿಗೆ ಹೋಗೂದು?" ಹೀರಾ ಕೇಳಿದಳು.

"ಎಲ್ಲಿಗೂ ಹೋಗೂ ಹಾಂಗಿಲ್ಲಮ್ಮ."

ಹೀರಾ ಎಲ್ಲರ ಎದುರಿಗೇ ಮಗಳ ಕೈ ಹಿಡಿದಳು.

"ಅವತ್ತು ಸಹಿ ಹಾಕು ಅಂದಿದ್ದೆ ಅಲ್ದಾ," ಎಂದಳು ಹೀರಾ. "ಇನ್ನು ಅವ್ರು ಕಾಲಿಗೆ ಬಿದ್ರೂ ಹಾಕ್ಬೇಡ."