ಹೊಗೆ ಮೇಸ್ತ್ರಿಯ ಗಾಡಿ

“ಕೀ ಕೊಡು ಇಲ್ಲಿ,” ಎಂದು ಟೈಲರಮ್ಮ ಕಿಟಕಿಯೊಳಗೆ ಕೈ ಚಾಚಿದಳು. “ಈ ಗಾಡಿ ಬೇಡ ಅಂದೆನಲ್ಲ. ಯಾವುದಾದ್ರೂ ವ್ಯಾನ್ ಹೇಳೋಣ.”

ಡ್ರೈವರ್ ಸೀಟಿನಲ್ಲಿದ್ದ ಮಗಳು ಕೀ ತಿರುಗಿಸಿಯೇ ಬಿಟ್ಟಳು. ಪಿಕಪ್ಪು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಸ್ಟಾರ್ಟ್ ಆಗಿ, ಅಂಗಳದ ತುಂಬ ಕಪ್ಪು ಹೊಗೆ ಕಾರಿತು. ಗೋಡೆಗೆ ಒರಗಿ ನಿಂತಿದ್ದ ನೆಂಟರು ಮೂಗು ಮುಚ್ಚಿಕೊಂಡು ದೂರ ಸರಿದರು.

“ಅಪ್ಪ ತಮ್ಮ ಗಾಡಿಯಲ್ಲೇ ಹೋಗ್ತಾರೆ ಅಮ್ಮ. ಬೇರೆ ಮಾತೇ ಇಲ್ಲ.”

“ಗುಡ್ಡ ಹತ್ತೋದಿಲ್ಲ ಇದು. ಅರ್ಧ ದಾರೀಲಿ ನಿಂತ್ರೆ ಏನು ಗತಿ?”

“ನಿಂತ್ರೆ ನಿಲ್ಲಲಿ. ಊರಿನ ಮೆಕ್ಯಾನಿಕ್‌ಗಳೆಲ್ಲ ಇಲ್ಲೇ ಇದ್ದಾರೆ. ಯಾರಾದ್ರೂ ಬಾನೆಟ್ ಎತ್ತಿ ನೋಡ್ತಾರೆ ಬಿಡು.”

ಟೈಲರಮ್ಮ ಹೆದರಿದ್ದೇ ಅದಕ್ಕೆ. ಆ ಬಾನೆಟ್ಟಿನ ಕೆಳಗೆ, ಗಾಳಿ ಎಳೆಯುವ ದಪ್ಪ ರಬ್ಬರ್ ಪೈಪಿನೊಳಗೆ, ಅವಳು ತನ್ನ ಕೈಯಾರೆ ಸಿಕ್ಕಿಸಿದ್ದ ಒಂದು ತಗಡಿನ ಬಿಲ್ಲೆಯಿತ್ತು. ಹದಿನೆಂಟು ವರ್ಷದಿಂದ ಆ ಗಾಡಿಯ ಕುತ್ತಿಗೆ ಹಿಸುಕುತ್ತಿದ್ದದ್ದು ಅದು. ಇವತ್ತು, ಗಂಡನ ಹೆಣದ ಮುಂದೆ, ಅವನ ಕಸುಬಿನವರೇ ಅದನ್ನು ಹೊರಗೆಳೆದು ‘ಇದೇನಿದು’ ಎಂದರೆ ಅವಳು ಮುಖ ಎಲ್ಲಿ ಇಟ್ಟುಕೊಳ್ಳಬೇಕು? ಮಗಳ ಮುಂದೆ ಏನೆಂದು ಬಾಯಿ ಬಿಡಬೇಕು?

ಸತ್ತವನನ್ನು ಊರು ಹೊಗೆ ಮೇಸ್ತ್ರಿ ಎಂದು ಕರೆಯುತ್ತಿತ್ತು. ಪುಣ್ಯಾತ್ಮ, ಪಿಕಪ್ಪಿನ ಎಂಜಿನ್ನಿಗೆ ಕೈ ಹಾಕಿದರೆ ಅದಕ್ಕೆ ಜೀವ ಬರುತ್ತಿತ್ತು. ತರಕಾರಿ ಹೊರುವ ಮುದಿ ಗಾಡಿಗಳನ್ನು ತಂದು ನಿಲ್ಲಿಸಿದವರು, ವಾರ ಬಿಟ್ಟು ಹೋಗುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹೋಗಬೇಕಾಗುತ್ತಿತ್ತು. ಟರ್ಬೊ ಬದಲಿಸುತ್ತಿದ್ದ, ಡೀಸೆಲ್ ಪಂಪಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದ, ತಲೆ ಅಲ್ಲಾಡಿಸಿ ಅರ್ಧ ಕೂದಲಿನಷ್ಟು ಹಿಂದಕ್ಕೆ ತರುತ್ತಿದ್ದ. ಊರ ಗಾಡಿಗಳೆಲ್ಲ ಹೀಗೆ ಹಾರಾಡುತ್ತಿದ್ದಾಗ ಅವನ ಸ್ವಂತದ್ದು ಮಾತ್ರ ಹೊಗೆಯುಗುಳುತ್ತ ತೆವಳುತ್ತಿತ್ತು. ಅಡ್ಡಹೆಸರಿಡಲು ಊರಿಗೆ ಇಷ್ಟು ಸಿಕ್ಕರೆ ಸಾಲದೇ? ಮೊನ್ನೆ ಗ್ಯಾರೇಜಿನಲ್ಲಿ ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಸುದ್ದಿ ಹಬ್ಬಿದ್ದೂ ‘ಹೊಗೆ ಮೇಸ್ತ್ರಿ ಹೋದನಂತೆ’ ಎಂದೇ.

“ಬಲಗಡೆ ಎತ್ತಿ, ಇನ್ನೂ ಸ್ವಲ್ಪ,” ಎನ್ನುತ್ತ ಲೇತಣ್ಣ ಹೆಣದ ಪೆಟ್ಟಿಗೆಯನ್ನು ಗಾಡಿಯ ಹಿಂದಕ್ಕೆ ತಳ್ಳಿಸಿದ. ಅವನು ಮೇಸ್ತ್ರಿಯ ಗೆಳೆಯ. ಗ್ಯಾರೇಜಿನ ಪಕ್ಕದಲ್ಲೇ ಅವನ ಲೋಹ ಕಡೆಯುವ ಲೇತ್ ಮೆಷಿನ್ನಿನ ಅಂಗಡಿ. ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದು, “ಅತ್ತಿಗೆ, ನೀವು ಹಿಂದೇನೇ ಕೂತ್ಕೊಳ್ಳಿ, ಅವನ ಪಕ್ಕ,” ಎಂದ.

ಟೈಲರಮ್ಮ ಹತ್ತಿ ಕೂತಳು.

•

ಆಗ ಮಗಳಿಗೆ ನಾಲ್ಕು ವರ್ಷ. ಅತ್ತೆ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಎರಡೇ ಕೋಣೆಯ ಮನೆ. ಒಂದರಲ್ಲಿ ಅತ್ತೆಯ ಮಂಚ, ಇನ್ನೊಂದರಲ್ಲಿ ಹೊಲಿಗೆ ಮೆಷಿನ್ನು, ಒಲೆ, ಮಗುವಿನ ತೊಟ್ಟಿಲು. ತೊಟ್ಟಿಲು ಮಗುವಿಗೆ ಚಿಕ್ಕದಾಗಿದ್ದರೂ ಅದನ್ನು ತೆಗೆದಿಡಲು ಜಾಗವಿರಲಿಲ್ಲ. ಟೈಲರಮ್ಮ ಬೀದಿಯ ಕೊನೆಯನ್ನು ನೋಡಿ ಎಷ್ಟು ದಿನವಾಯಿತೆಂದು ಅವಳಿಗೇ ಗೊತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಪಿಕಪ್ ರೇಸಿನ ತಂಡದ ಮ್ಯಾನೇಜರೊಬ್ಬ ಗ್ಯಾರೇಜಿಗೆ ಬಂದ. ಮೇಸ್ತ್ರಿಯ ಕೈಚಳಕ ಅವನ ಕಿವಿಗೆ ಬಿದ್ದಿತ್ತು. ‘ನಿನ್ನ ಗಾಡಿ ನಾಲ್ಕು ನಿಮಿಷದಲ್ಲಿ ಗುಡ್ಡ ಹತ್ತಿದರೆ ನೀನು ನಮ್ಮವನು’ ಎಂದಿದ್ದ. ಊರೂರು ಸುತ್ತುವ ಕೆಲಸ, ವರ್ಷಕ್ಕೆರಡು ಸಲ ಮನೆ.

“ಎರಡೇ ವರ್ಷ, ತಡ್ಕೋ,” ಎಂದ ಮೇಸ್ತ್ರಿ. ಅವನ ಮುಖ ಹೊಳೆಯುತ್ತಿತ್ತು. ಮದುವೆಯಲ್ಲೂ ಅಷ್ಟು ಹೊಳೆದಿರಲಿಲ್ಲ.

“ತಡ್ಕೊಂಡೇ ಇದೀನಲ್ಲ. ನಿಮ್ಮಮ್ಮನ್ನ ಮಗ್ಗುಲು ಹೊರಳಿಸೋದು ಯಾರು? ಒಬ್ಬಳ ಕೈಲಿ ಆಗುತ್ತಾ?”

“ಹೇಗೋ ಆಗುತ್ತೆ ಕಣೇ.”

ಈ ‘ಹೇಗೋ’ ಅನ್ನುವುದು ಹೊರಡುವವರ ಮಾತು. ಉಳಿಯುವವರಿಗೆ ಅದರಲ್ಲಿ ಒಂದು ಹೊತ್ತಿನ ಗಂಜಿಯೂ ಬೇಯುವುದಿಲ್ಲ.

ಎಂಜಿನ್ನಿನ ವಿದ್ಯೆಯನ್ನು ಅವಳಿಗೆ ಹೇಳಿಕೊಟ್ಟವನು ಅವನೇ. ಟಾರ್ಚ್ ಹಿಡಿದು ನಿಂತವಳಿಗೆ, “ಡೀಸೆಲ್ ಅಂದ್ರೆ ಊಟ, ಗಾಳಿ ಅಂದ್ರೆ ಉಸಿರು. ಎಷ್ಟು ಬೇಕಾದ್ರೂ ಉಣ್ಣಿಸು, ಉಸಿರು ಸಾಲದಿದ್ರೆ ಬರೀ ಹೊಗೆ,” ಎಂದಿದ್ದ. ಆ ಗುಡ್ಡದ ಓಟಕ್ಕೆ ಎರಡು ದಿನವಿರುವಾಗ, ಅವನು ಒಳಗೆ ತಾಯಿಗೆ ಸ್ನಾನ ಮಾಡಿಸುತ್ತಿದ್ದ ಹೊತ್ತಿನಲ್ಲಿ, ಅವಳು ಹಾಲಿನ ಪುಡಿ ಡಬ್ಬಿಯ ಮುಚ್ಚಳವನ್ನು ಹೊಲಿಗೆ ಕತ್ತರಿಯಿಂದಲೇ ದುಂಡಗೆ ಕತ್ತರಿಸಿದಳು. ನಡುವೆ ಎರಡು ಬೆರಳು ತೂರುವಷ್ಟು ತೂತು. ಪೈಪಿನ ಕ್ಲಿಪ್ಪು ಸಡಿಲಿಸಿ, ಬಿಲ್ಲೆ ಕೂರಿಸಿ, ಮತ್ತೆ ಬಿಗಿದಳು. ಅಳತೆಗೇ ಪಳಗಿದ ಕೈ, ಅದು ತಪ್ಪಲಿಲ್ಲ.

ಮರುದಿನ ಮೇಸ್ತ್ರಿ ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದ. “ಅಲಗೆಲ್ಲ ಮುಕ್ಕಾಗಿದೆಯಲ್ಲ. ಏನು ಕತ್ತರಿಸಿದೆ?”

“ದಪ್ಪ ರಟ್ಟು.”

ಅವನು ಗ್ಯಾರೇಜಿಗೆ ಒಯ್ದು ಸಾಣೆ ಹಿಡಿದು ತಂದುಕೊಟ್ಟ. “ಬಟ್ಟೆ ಬಿಟ್ಟು ಬೇರೇನೂ ಕತ್ತರಿಸಬೇಡ. ಕೈ ಕುಯ್ದುಕೊಳ್ತೀಯ,” ಎಂದ, ಅಷ್ಟೇ.

ಓಟದ ದಿನ ಗಾಡಿ ಏಳನೆಯ ತಿರುವಿನಲ್ಲಿ ಬೆಟ್ಟದಷ್ಟು ಹೊಗೆ ಬಿಟ್ಟು ನಿಂತುಹೋಯಿತು. “ಇದು ಗಾಡಿಯೋ ಸೌದೆ ಒಲೆಯೋ?” ಎಂದು ಮ್ಯಾನೇಜರ್ ಕೆಮ್ಮುತ್ತ ಇಳಿದು ಹೋದನಂತೆ. ಮೇಸ್ತ್ರಿ ಮನೆಗೆ ಬಂದು, ಕೈ ತೊಳೆದು, ತಾಯಿಗೆ ಗಂಜಿ ಕುಡಿಸಲು ಕೂತ. ಟೈಲರಮ್ಮನಿಗೆ ಒಂದೇ ಒಂದು ದಿನ ಹಾಯೆನಿಸಿತು. ಆಮೇಲೆ ಶುರುವಾಯಿತು ನೋಡಿ ಅವಳ ಪಾಡು. ಬಿಲ್ಲೆ ತೆಗೆದರೆ ಗಾಡಿ ಇದ್ದಕ್ಕಿದ್ದಂತೆ ಓಡುತ್ತದೆ, ಅವನಿಗೆ ಗೊತ್ತಾಗುತ್ತದೆ. ತೆಗೆಯದಿದ್ದರೆ ಅವನ ಮುಖ ನೋಡಲಾಗುವುದಿಲ್ಲ. ಮೂರು ವರ್ಷಕ್ಕೆ ಅತ್ತೆ ತೀರಿಕೊಂಡರು, ಮಗಳು ದೊಡ್ಡವಳಾದಳು. ಹೋಗುವುದಿದ್ದರೆ ಮೂವರೂ ಹೋಗಬಹುದಿತ್ತು. ಆದರೆ ಆ ಗಂಟು ಹಾಕಿದವಳಿಗೇ ಬಿಚ್ಚಲು ಬರಲಿಲ್ಲ.

ಪ್ರತಿ ಭಾನುವಾರ ಮೇಸ್ತ್ರಿ ಬಾನೆಟ್ ಎತ್ತುತ್ತಿದ್ದ. ಒಮ್ಮೆ ಪಂಪು, ಒಮ್ಮೆ ಟರ್ಬೊ, ಇನ್ನೊಮ್ಮೆ ಸೈಲೆನ್ಸರು. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅವಳು ಟಾರ್ಚ್ ಹಿಡಿಯುತ್ತಿದ್ದಳು, ಬೆಳಕು ಆ ಪೈಪಿನ ಮೇಲೆ ಬೀಳದ ಹಾಗೆ. ಅಷ್ಟು ವರ್ಷದಲ್ಲಿ ಅವನು ಒಮ್ಮೆಯೂ ‘ಟಾರ್ಚು ಈ ಕಡೆ ತಿರುಗಿಸು’ ಎನ್ನಲಿಲ್ಲ.

•

ಸ್ಮಶಾನವಿದ್ದದ್ದು ಅದೇ ಗುಡ್ಡದ ನೆತ್ತಿಯಲ್ಲಿ. ಮುಂದೆ ಪಿಕಪ್ಪು, ಹಿಂದೆ ನಡೆದು ಬರುವ ಜನ, ನಡುವೆ ಹೊಗೆ.

“ಸತ್ತ ಮೇಲೂ ನಮ್ಮ ಶ್ವಾಸಕೋಶ ಬಿಡೋದಿಲ್ಲವಲ್ಲಪ್ಪ ಇವನು,” ಎಂದ ಪಂಕ್ಚರ್ ಅಂಗಡಿಯವನು. ನಾಲ್ಕು ಜನ ನಕ್ಕರು, ಅವನೂ ನಗಲು ಹೋಗಿ ಕಣ್ಣೊರೆಸಿಕೊಂಡ. “ಹೊಗೆಗೆ ಕಣಯ್ಯ,” ಎಂದು ಪಕ್ಕದವನಿಗೆ ಹೇಳಿದ.

ಟೈಲರಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟು ತಿರುವು ಎಣಿಸುತ್ತಿದ್ದಳು. ನಾಲ್ಕು. ಐದು. ‘ಹತ್ತಿಬಿಡು ನಮ್ಮಪ್ಪಾ, ಇದೊಂದು ಸಲ’ ಎಂದು ಗಾಡಿಯನ್ನೇ ಬೇಡಿಕೊಂಡಳು. ಆರು ದಾಟಿತು. ಏಳನೆಯ ತಿರುವಿನಲ್ಲಿ ಎಂಜಿನ್ನು ಗೊರಗೊರ ಎಂದು ಉಸಿರು ಕಟ್ಟಿ ನಿಂತಿತು.

ಮುಂದೆ ಮಗಳ ಪಕ್ಕ ಕೂತಿದ್ದ ಲೇತಣ್ಣ ಆಗಲೇ ಹಾರಿ ಇಳಿದಿದ್ದ. ಅವಳೂ ದಡಬಡ ಇಳಿದು ಬಾನೆಟ್ಟಿಗೆ ಅಡ್ಡ ನಿಂತಳು. “ಮುಟ್ಟಬೇಡಿ. ಯಾರು ಮುಟ್ಟಿದ್ರೂ ಅವರಿಗೆ ಆಗ್ತಿರಲಿಲ್ಲ.”

“ಬೈಯೋಕಾದ್ರೂ ಎದ್ದು ಬರಲಿ ಅತ್ತಿಗೆ, ಬೈಸಿಕೊಳ್ತೀನಿ,” ಎಂದು ಲೇತಣ್ಣ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಬಾನೆಟ್ ಎತ್ತಿದ. ಅವನ ಕೈ ಅಲ್ಲಿ ಇಲ್ಲಿ ಹರಿದಾಡಿ ನೇರ ಆ ಪೈಪಿಗೇ ಹೋಯಿತು. “ಇಲ್ಲಿದೆ ನೋಡಿ. ರಬ್ಬರು ಮೆತ್ತಗಾಗಿ ಒಳಕ್ಕೆ ಅಂಟಿಕೊಂಡುಬಿಟ್ಟಿದೆ. ಈ ತುಂಡು ಕೊಯ್ದು ಬಿಗಿದ್ರೆ ಆಯ್ತು.”

ಅವನು ಕ್ಲಿಪ್ಪು ಬಿಚ್ಚುವುದನ್ನು ನೋಡಲಾರದೆ ಅವಳು ಕಣ್ಣು ಮುಚ್ಚಿದಳು. ಈಗ ತಗಡು ಠಣ್ಣೆಂದು ಬೀಳುತ್ತದೆ. ಈಗ ಕೇಳುತ್ತಾನೆ. ಹಿಂದಿನವರು ಇನ್ನೂ ಆರನೆಯ ತಿರುವಿನಲ್ಲಿದ್ದರು, ಅಷ್ಟೇ ಪುಣ್ಯ.

“ಅರೆ! ಇದು ಇಲ್ಲಿ ಹೇಗೆ ಬಂತು?”

ಕಣ್ಣು ಬಿಟ್ಟರೆ ಅವನ ಅಂಗೈಯಲ್ಲಿದ್ದದ್ದು ತಗಡಲ್ಲ. ದಪ್ಪನೆಯ ಹಿತ್ತಾಳೆಯ ಬಿಲ್ಲೆ. ನಡುವೆ ಎರಡು ಬೆರಳು ತೂರುವಷ್ಟು ತೂತು. ಅಂಚನ್ನೆಲ್ಲ ನುಣ್ಣಗೆ ಉಜ್ಜಲಾಗಿತ್ತು.

“ಇದು ನಾನೇ ಮಾಡಿಕೊಟ್ಟದ್ದು,” ಎಂದ ಲೇತಣ್ಣ. “ಒಂದು ತಗಡಿನ ಬಿಲ್ಲೆ ತಂದು, ‘ಇದೇ ಅಳತೆ, ತೂತೂ ಇಷ್ಟೇ, ಒಂದು ಕೂದಲೂ ಹೆಚ್ಚುಕಮ್ಮಿ ಆಗಬಾರದು’ ಅಂದ. ತಗಡಿಗೇನಾಗಿದೆಯೋ ಅಂದ್ರೆ, ‘ಮುರಿದು ಒಳಗೆ ಹೋದ್ರೆ ಎಂಜಿನ್ನು ಹಾಳಾಗುತ್ತೆ’ ಅಂದ. ಯಾವುದಕ್ಕೋ ಇದು ಅಂದೆ. ‘ಮನೆಗೆ’ ಅಂದ.”

“ಯಾವಾಗ?” ಎಂದಳು ಅವಳು.

“ಆ ಓಟ ಇತ್ತಲ್ಲ, ಅದರ ಹಿಂದಿನ ದಿನ. ಒಂದು ಕತ್ತರಿಯನ್ನೂ ತಂದಿದ್ದ ಸಾಣೆ ಹಿಡಿಯೋಕೆ. ಚೆನ್ನಾಗಿ ನೆನಪಿದೆ. ಇದೇನೋ ಜೋರಾಗಿ ಓಡೋಕೆ ಮಾಡಿಸ್ತಿದಾನೆ ಅಂದ್ಕೊಂಡಿದ್ದೆ...” ಲೇತಣ್ಣ ಬಿಲ್ಲೆಯನ್ನು ನೋಡಿದ, ಪೈಪನ್ನು ನೋಡಿದ, ಕೊನೆಗೆ ಅವಳ ಮುಖ ನೋಡಿದ. ಅವನೂ ಆ ಕಸುಬಿನವನೇ ತಾನೆ.

ಟೈಲರಮ್ಮ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತಳು. ಹಾಗಾದರೆ ಗೊತ್ತಿದ್ದೇ ಗುಡ್ಡ ಹತ್ತಿದ. ಗೊತ್ತಿದ್ದೇ ಇದೇ ತಿರುವಿನಲ್ಲಿ ನಿಂತ, ಗೊತ್ತಿದ್ದೇ ಹದಿನೆಂಟು ವರ್ಷ ಊರಿನ ಬಾಯಲ್ಲಿ ಹೊಗೆ ಮೇಸ್ತ್ರಿಯಾದ. ಅಷ್ಟೊಂದು ಭಾನುವಾರ ಅವಳು ಬೆಳಕು ಮರೆಮಾಡುತ್ತ ನಿಂತಿದ್ದರೆ, ಅವನು ಆ ಕತ್ತಲೆಯ ಕಡೆ ನೋಡದೆ ಕೆಲಸ ಮಾಡಿದ್ದ. ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ದೇವರೇ, ಎಂಥ ಸಿಟ್ಟು ಬಂತು! ಒಂದು ಮಾತು ಆಡಿದ್ದರೆ ಇಬ್ಬರೂ ಬಿಡುಗಡೆಯಾಗುತ್ತಿದ್ದರು.

“ಹೇಳಬಾರದಿತ್ತೇನ್ರೀ?” ಎಂದು ಅವಳು ಪೆಟ್ಟಿಗೆಯ ಕಡೆ ಕೂಗಿದಳು. “ಒಂದು ಸಲ, ಒಂದೇ ಸಲ ಬೈದುಬಿಡಬಾರದಿತ್ತೇನ್ರೀ?”

ಡ್ರೈವರ್ ಸೀಟಿನಿಂದ ಮಗಳು ತಲೆ ಹೊರಹಾಕಿದಳು. “ಏನಾಯ್ತು ಲೇತ್ ಮಾಮ? ಅಮ್ಮ ಯಾಕೆ ಅಳ್ತಿದಾಳೆ?”

“ಪೈಪು ಕಣಮ್ಮ. ಎರಡು ನಿಮಿಷ.” ಲೇತಣ್ಣ ಚಾಕು ತೆಗೆದು ಮೆತ್ತಗಾಗಿದ್ದ ತುಂಡನ್ನು ಕೊಯ್ದ. ಆಮೇಲೆ ದನಿ ತಗ್ಗಿಸಿ, “ಅತ್ತಿಗೆ, ಇದನ್ನ ಮತ್ತೆ ಒಳಗೆ ಹಾಕ್ಲಾ?” ಎಂದ.

ಅವಳು ಕೈ ಚಾಚಿದಳು. ಬಿಲ್ಲೆ ಇನ್ನೂ ಬಿಸಿಯಾಗಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಎದ್ದು, ಗಾಡಿ ಹತ್ತಿ ಪೆಟ್ಟಿಗೆಯ ಪಕ್ಕ ಕೂತಳು.

“ಬೇಡ,” ಎಂದಳು. “ಓಡಿಸಲಿ.”

ಲೇತಣ್ಣ ಬಾನೆಟ್ ಮುಚ್ಚಿದ. ಹತ್ತಲಿಲ್ಲ, ‘ನಾನು ನಡೆದು ಬರ್ತೀನಿ’ ಎಂದು ಕೈ ಸನ್ನೆ ಮಾಡಿದ. ಎಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಕೆಮ್ಮಲಿಲ್ಲ. ಮಗಳು ಎಂದಿನ ಅಭ್ಯಾಸದಂತೆ ಕಾಲು ಬಲವಾಗಿ ಒತ್ತಿರಬೇಕು. ಗಾಡಿ ನೆಲ ಕಚ್ಚಿ ಮುಂದಕ್ಕೆ ಜಿಗಿಯಿತು. ಎಂಟನೆಯ ತಿರುವು, ಒಂಬತ್ತನೆಯದು. ಹಿಂದೆ ಹೊಗೆಯೇ ಇರಲಿಲ್ಲ. ಕೆಳಗಿನ ರಸ್ತೆಯಲ್ಲಿ ಬಾಯಿ ಬಿಟ್ಟುಕೊಂಡು ನಿಂತ ಜನ, ಅವರ ನಡುವೆ ತಲೆ ಮೇಲೆ ಕೈ ಹೊತ್ತ ಪಂಕ್ಚರ್ ಅಂಗಡಿಯವನು, ಎಲ್ಲರೂ ಸ್ವಚ್ಛವಾಗಿ ಕಾಣುತ್ತಿದ್ದರು.

“ಅಮ್ಮಾ! ಏನಮ್ಮಾ ಇದು, ಹೀಗೆ ಎಳೀತಿದೆ!” ಮಗಳು ಗಾಳಿಯಲ್ಲಿ ಕೂಗುತ್ತಿದ್ದಳು. “ನಿಧಾನ ಮಾಡ್ಲಾ?”

ಏರಿನಲ್ಲಿ ಪೆಟ್ಟಿಗೆ ಒಂದು ಗೇಣು ಹಿಂದಕ್ಕೆ ಜಾರಿತು. ಹಗ್ಗ ಬಿಗಿಯಿತು, ಗಂಟು ಕಿರ್ರೆಂದಿತು. ಟೈಲರಮ್ಮ ಎರಡೂ ಕಾಲನ್ನು ಗಾಡಿಯ ಹಿಂಬಾಗಿಲಿಗೆ ಒತ್ತಿ, ಪೆಟ್ಟಿಗೆಯನ್ನು ತೋಳಲ್ಲಿ ಬಳಸಿ ಹಿಡಿದಳು.

“ಬೇಡ, ಹೋಗು!” ಎಂದು ಕೂಗಿದಳು. ಹಿಡಿದ ಕೈಯನ್ನು ಮಾತ್ರ ಸಡಿಲಿಸಲಿಲ್ಲ.