ಲಾಡ್ಜ್ ಯಾಕ, ನಮ್ಮ ತಂಗಿ ಅದಾಳಲ್ಲ

ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಗಂಡ ನನಗೆ ಏಳು ಊರು ತೋರಿಸಿದ್ದಾರೆ. ಆ ಏಳೂ ಊರಿನ ಅಡುಗೆಮನೆಗಳನ್ನು ನಾನು ಕಣ್ಣು ಮುಚ್ಚಿಕೊಂಡು ವರ್ಣಿಸಬಲ್ಲೆ. ಮೈಸೂರು ಎಂದರೆ ನನಗೆ ಅರಮನೆಯಲ್ಲ, ಇವರ ಚಿಕ್ಕಮ್ಮನ ಮನೆಯ ಸೋರುವ ನಲ್ಲಿ. ಪುಣೆ ಎಂದರೆ ರೊಟ್ಟಿಯ ಹಂಚು ಇಟ್ಟರೆ ವಾಲುವ ಒಂದು ಗ್ಯಾಸ್ ಒಲೆ. ಗೋವಾಕ್ಕೆ ಹೋಗಿ ಸಮುದ್ರ ನೋಡದೆ ಬಂದವಳು ಇಡೀ ಯಲಬುರ್ಗಾ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಅವತ್ತು ಇವರ ಗೆಳೆಯನ ಮನೆಯಲ್ಲಿ ಹದಿನಾಲ್ಕು ಜನಕ್ಕೆ ರೊಟ್ಟಿ ಬಡಿಯಬೇಕಾಗಿತ್ತು, ಆ ಮನೆಯಾಕೆ ಒಬ್ಬಳ ಕೈಯಲ್ಲಿ ಆಗುವಂತಿರಲಿಲ್ಲ.

ನನ್ನ ಗಂಡ ಕಲ್ಲೇಶ ಕೆಟ್ಟ ಮನುಷ್ಯರಲ್ಲ. ಯಲಬುರ್ಗಾದಲ್ಲಿ ಪೈಪು, ಪಂಪಸೆಟ್ಟಿನ ಅಂಗಡಿ ಇಟ್ಟಿದ್ದಾರೆ, ಊರಿಗೆಲ್ಲ ಬೇಕಾದವರು. ಆದರೆ ನಮ್ಮವರು ಅನ್ನುವವರು ಒಬ್ಬರಿರುವ ಊರಿನಲ್ಲಿ ಲಾಡ್ಜ್ ಹಿಡಿದರೆ ಆ ನಮ್ಮವರ ಮೋರೆಗೆ ಹೊಡೆದಂತೆ ಎಂದು ಅವರ ತಿಳಿವಳಿಕೆ. ಖರ್ಚು ಉಳಿಯುವುದು ಮೇಲಿನ ಲಾಭ. ಹೋದ ಮನೆಯಲ್ಲಿ ಗಂಡಸರು ಚಹಾ ಕುಡಿದು ಊರು ನೋಡಲು ಹೋಗುತ್ತಾರೆ. ಇನ್ನೊಬ್ಬ ಹೆಂಗಸು ಹೊಗೆಯಲ್ಲಿ ನಿಂತಿರುವಾಗ ಬಂದ ಹೆಂಗಸು ಕೈಕಟ್ಟಿ ಕೂಡುವ ರಿವಾಜು ನಮ್ಮ ಕಡೆ ಇಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗುತ್ತೇನೆ, ಹೊರಗೆ ಬರುವ ಹೊತ್ತಿಗೆ ವಾಪಸು ಹೋಗುವ ಗಾಡಿಯ ಟೈಮಾಗಿರುತ್ತದೆ.

ಹೋದ ವರ್ಷ ಮಗಳು ಧಾರವಾಡದ ಹಾಸ್ಟೆಲಿಗೆ ಸೇರಿದಳು. ಮನೆಯಲ್ಲಿ ಉಳಿದವರು ನಾವಿಬ್ಬರು ಮತ್ತು ನನ್ನ ಅತ್ತೆ ಶಂಕ್ರಮ್ಮ. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಇವರು ತಾವಾಗಿಯೇ ಕೇಳಿದರು.

"ಈ ಸಲ ಎಲ್ಲಿಗಿ ಹೋಗೂಣು? ನೀನ ಹೇಳು."

"ಬರ್ಫ ನೋಡಬೇಕ್ರಿ," ಅಂದೆ. "ಬರೇ ನೋಡೂದಲ್ಲ, ಕೈಲೆ ಮುಟ್ಟಬೇಕು."

ನಾನು ಮನೆಯಲ್ಲೇ ಜಂಪರು ಹೊಲಿಯುವವಳು. ಬೇಸಿಗೆಯಲ್ಲಿ ಮಿಷಿನ್ನಿನ ಚಕ್ರ ಮುಟ್ಟಿದರೆ ಅಂಗೈ ಚುರ್ ಅನ್ನುತ್ತದೆ. ಆದರೆ ಹಿಮದ ಆಸೆ ಸೆಕೆಗಾಗಿ ಬಂದದ್ದಲ್ಲ. ಹಿಮದಿಂದ ಯಾವ ಅಡುಗೆಯೂ ಆಗುವುದಿಲ್ಲ, ಅದಕ್ಕಾಗಿ ನನಗೆ ಅದು ಬೇಕಾಗಿತ್ತು. ಇದನ್ನು ಅವರಿಗೆ ಹೇಳಲಿಲ್ಲ. ಹೇಳಬೇಕಾಗಿತ್ತು.

ಇವರು ಪೈಪಿನ ಕಂಪನಿ ಪುಗಸಟ್ಟೆ ಕೊಟ್ಟ ಡೈರಿ ತೆಗೆದು, ಮೂಗಿನ ತುದಿಗೆ ಕನ್ನಡಕ ಏರಿಸಿ, ಮೂರು ಸಂಜೆ ಫೋನು ತಿಕ್ಕಿ ತಿಕ್ಕಿ ಬರೆದರು. ಉತ್ತರಾಖಂಡದಲ್ಲಿ ಚೋಪ್ತಾ ಅಂತ ಒಂದು ಜಾಗವಿದೆಯಂತೆ, ಶಿವರಾತ್ರಿ ಮುಗಿದರೂ ಅಲ್ಲಿ ಹಿಮ ಇರುತ್ತದಂತೆ. ನಾನು ಕೊಪ್ಪಳಕ್ಕೆ ಹೋಗಿ ದಪ್ಪ ಬಟ್ಟೆ ತಂದು ನನಗೊಂದು ಉದ್ದ ಕೋಟು ಹೊಲಿದುಕೊಂಡೆ. ಅತ್ತೆ ನೋಡಿ, "ಕರಡಿ ಕಂಡಂಗ ಕಾಣ್ತಿ, ಛಲೋ ಐತಿ," ಅಂದರು. ಆ ಮೂರು ದಿನ ನಾನು ಹೊಲಿದ ಜಂಪರುಗಳಲ್ಲಿ ಎರಡಕ್ಕೆ ತೋಳು ಅದಲು ಬದಲಾಗಿದ್ದವು, ಅಷ್ಟು ಖುಷಿ.

ನಾಲ್ಕನೆಯ ಸಂಜೆ ಇವರು ಡೈರಿ ಓದಿದರು.

"ಹುಬ್ಬಳ್ಳಿಯಿಂದ ಪುಣೆ. ಅಲ್ಲೆ ಒಂದಿನ, ಸೋದರಮಾವನ ಮನಿ. ಮುಂದ ದಿಲ್ಲಿ, ಅಳವಂಡಿ ಹನಮಪ್ಪನ ಮಗ ಅದಾನ, ಎರಡ ದಿನ. ಆಮ್ಯಾಲ ಡೆಹ್ರಾಡೂನು. ನಮ್ಮ ಅನ್ನಪೂರ್ಣ ಅದಾಳಲ್ಲ! ನಾಕ ದಿನ ಆರಾಮ. ಎಲ್ಲೂ ಲಾಡ್ಜಿನ ಖರ್ಚ ಇಲ್ಲ."

"ಬರ್ಫು?" ಅಂದೆ.

"ಅನ್ನಪೂರ್ಣನ ಮನಿಯಿಂದ ಇನ್ನೂರ ಕಿಲೋಮೀಟರ. ನಸಕಿನ್ಯಾಗ ಬಿಟ್ರ ಸಂಜಿಕ ಹೊಳ್ಳಿ ಬರಬಹುದು. ನಾವು ಹುಬ್ಬಳ್ಳಿಗಿ ಹೋಗಿ ಮಾಲ ತರಂಗಿಲ್ಲೇನ?"

ಅನ್ನಪೂರ್ಣ ಇವರ ಕಾಕಾನ ಮಗಳು. ಅವಳ ಗಂಡ ಅಂದಪ್ಪ ಮಿಲ್ಟ್ರಿಯಲ್ಲಿದ್ದಾನೆ. ಮೂರು ವರ್ಷದಿಂದ ಡೆಹ್ರಾಡೂನಿನ ಕ್ವಾಟ್ರಸಿನಲ್ಲಿದ್ದಾರೆ. ಒಳ್ಳೆಯ ಹುಡುಗಿ. ಆದರೂ ನಾನು ಬೆರಳು ಮಡಚಿ ಎಣಿಸಿದೆ. ಪುಣೆಯ ಅದೇ ವಾಲುವ ಒಲೆ, ಅದರ ಮೇಲೆ ಎಂಟನೆಯ ಅಡುಗೆಮನೆ, ಒಂಬತ್ತನೆಯದು.

"ಒಂದ ಲಾಡ್ಜ್ ಹಿಡೀರಿ," ಅಂದೆ. "ಹತ್ತೊಂಬತ್ತ ವರ್ಷದಾಗ ಒಂದ."

"ಅನ್ನಪೂರ್ಣಗ ಗೊತ್ತಾದ್ರ ಏನ ತಿಳ್ಕೋತಾಳ? ಅಣ್ಣಗ ನಮ್ಮ ಮನಿ ಸೇರಲಿಲ್ಲ ಅಂತಾಳ."

ಅತ್ತೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ಮಗನ ಡೈರಿಯನ್ನೊಮ್ಮೆ ನೋಡಿ ಮತ್ತೆ ಮೊರ ಕೇರಿದರು. ನಾನು ಎದ್ದು ಹೋಗಿ ಕೋಟನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಮರುದಿನ ಮಧ್ಯಾಹ್ನ ಮನಸ್ಸಿಲ್ಲದ ಮನಸ್ಸಿನಿಂದ ಅನ್ನಪೂರ್ಣಳಿಗೆ ಫೋನು ಮಾಡಿದೆ. ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಜೋಳದ ಹಿಟ್ಟು ಎಷ್ಟು ತರಲಿ, ಗುರೆಳ್ಳು ಚಟ್ನಿ ಬೇಕೋ ಶೇಂಗಾ ಚಟ್ನಿ ಬೇಕೋ ಕೇಳಬೇಕಾಗಿತ್ತು.

"ಬರ್ರಿ ವೈನಿ, ಬರ್ರಿ," ಅಂದಳು ಅವಳು. ದನಿ ಸಕ್ಕರೆಯಂತೆಯೇ ಇತ್ತು, ಆದರೆ ಅದರ ಹಿಂದೆಯೇ ಮೆಲ್ಲಗೆ ಕೇಳಿದಳು. "ಎಷ್ಟ ಮಂದಿ ಬರ್ತೀರಿ?"

"ಇಬ್ಬರ."

"ಇಬ್ಬರ? ಬರೇ ಇಬ್ಬರ? ಖರೇನ್ರಿ?" ಎಂದು ನಗತೊಡಗಿದಳು. ನಗು ಬಹಳ ಹೊತ್ತು ನಡೆಯಿತು, ಕೊನೆಗೆ ಮೂಗು ಒರೆಸಿಕೊಳ್ಳುವ ಸಪ್ಪಳ ಕೇಳಿಸಿತು.

"ಯಾಕ ಅನ್ನಪೂರ್ಣ?"

"ಏನಿಲ್ಲ ವೈನಿ. ಹ್ವಾದ ವಾರ ಮಂಗಳೂರಿಂದ ಹನ್ನೊಂದ ಮಂದಿ ಬಂದಿದ್ರು." ಇದು ಕಡಲ ದಂಡೆಯ ಮಂಗಳೂರಲ್ಲ, ನಮ್ಮ ಪಕ್ಕದ ಮಂಗಳೂರು. "ಹರಿದ್ವಾರಕ್ಕ ಹೊಂಟವರು. ಅದಕ್ಕೂ ಮೊದಲ ಕುಷ್ಟಗಿಯವರು ಎಂಟ ಮಂದಿ. ಎರಡ ಖೋಲಿ ಮನಿ ನಮ್ದು. ನಾವಿಬ್ಬರೂ ಒಲಿ ಮುಂದ ಮಲಗಿದ್ವಿ. ಮುಂಜಾನೆ ಎದ್ದು ಬುತ್ತಿ ಕಟ್ಟಿ ಕಳಿಸಿದೆ. ಮ್ಯಾಲ ಹೋಗಿ ಬರ್ಫಿನ್ಯಾಗ ಕುಣದು ಫೋಟೋ ಕಳಿಸಿದ್ರು."

"ನೀ ಹೋಗಲಿಲ್ಲೇನ ಅವರ ಜೋಡಿ?"

"ಅವರ ಹೊಳ್ಳಿ ಬರೂದ್ರಾಗ ಅಡಿಗಿ ಆಗಬೇಕಲ್ರಿ. ಮೂರ ವರ್ಷಾತು, ನಾ ಇನ್ನೂ ಬರ್ಫ ಮುಟ್ಟಿಲ್ಲ ವೈನಿ. ಇವರಿಗಿ ರಜಾ ಸಿಕ್ಕಾಗ ಮನಿಯಾಗ ಮಂದಿ ಇರ್ತಾರ. ಮತ್ತ, ಅಣ್ಣ ಇವರಿಗಿ ಫೋನ ಮಾಡಿ ಒಂದ ದಿನದಾಗ ಹೋಗಿ ಬರ್ತೀವಿ ಅಂದಾನಂತ. ಇದು ಗುಡ್ಡದ ದಾರಿ. ಇನ್ನೂರ ಕಿಲೋಮೀಟರ ಅಂದ್ರ ಹೋಗಾಕ ಒಂದ ಇಡೀ ದಿನಾ ಬೇಕು."

ಅಂದರೆ ಡೈರಿಯ ಪ್ರಕಾರ ನಡೆದಿದ್ದರೆ ನಾನು ಹಿಮಾಲಯದ ಬುಡದವರೆಗೆ ಹೋಗಿ ಹಿಮ ನೋಡದೆ ಬರುತ್ತಿದ್ದೆ. ಆದರೆ ಆ ಹೊತ್ತಿಗೆ ನನಗೆ ಅದಕ್ಕಿಂತ ದೊಡ್ಡದೊಂದು ಕಾಡುತ್ತಿತ್ತು.

"ಇಷ್ಟ ಮಂದಿಗಿ ನಿನ್ನ ನಂಬರ ಯಾರ ಕೊಡ್ತಾರ?"

ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟಳು. "ಅಣ್ಣನ ಹೆಸರ ಹೇಳ್ಕೋತ ಬರ್ತಾರ್ರಿ. ಪೈಪಿನ ಅಂಗಡಿ ಕಲ್ಲೇಶಪ್ಪಾರು ಕಳಿಸ್ಯಾರ ಅಂತಾರ. ಅಣ್ಣಗ ಹೇಳಬ್ಯಾಡ್ರಿ ಮತ್ತ. ಪಾಪ, ಪ್ರೀತಿಲೆ ಕಳಸ್ತಾನ."

ಫೋನು ಇಟ್ಟ ಮೇಲೆ ನನಗೆ ನಾಚಿಕೆಯಾಯಿತು. ಹತ್ತೊಂಬತ್ತು ವರ್ಷ ನಾನು ಕಂಡ ಅಡುಗೆಮನೆಗಳ ಲೆಕ್ಕ ಇಟ್ಟಿದ್ದೆ, ಆ ಅಡುಗೆಮನೆಗಳಲ್ಲಿ ನಿಂತವರ ಲೆಕ್ಕ ಇಟ್ಟಿರಲಿಲ್ಲ. ಅವಳಿಗಿಂತ ನನ್ನದೇ ವಾಸಿ. ನಾನು ಎರಡು ದಿನಕ್ಕೆ ಎದ್ದು ಬರುತ್ತಿದ್ದೆ. ಹಿಂದೆಯೇ ಸಿಟ್ಟು ಬಂತು. ಚಪ್ಪಲಿ ಮೆಟ್ಟಿಕೊಂಡು ನೇರ ಅಂಗಡಿಗೆ ನಡೆದೆ.

ಅಂಗಡಿಯಲ್ಲಿ ಮುದಿಯಪ್ಪ ಅನ್ನುವ ಗಿರಾಕಿ ಪೈಪಿನ ಮೇಲೆ ಕೂತಿದ್ದ. ಇವರು ನಗುನಗುತ್ತ ಒಂದು ಚೀಟಿ ಬರೆಯುತ್ತಿದ್ದರು.

"ಒಂಬತ್ತ ಮಂದಿ ಆದ್ರ ಏನಾತೋ? ಹರಿದ್ವಾರ ಅಲ್ಲಿಂದ ಸನೇಕ," ಅನ್ನುತ್ತಿದ್ದರು. "ಲಾಡ್ಜ್ ಯಾಕ, ನಮ್ಮ ತಂಗಿ ಅದಾಳಲ್ಲ!"

ನಾನು ಹೋಗಿ ಚೀಟಿ ಕಸಿದುಕೊಂಡೆ. ಮುದಿಯಪ್ಪ ಗಾಬರಿಯಿಂದ ಎದ್ದು ನಿಂತ.

"ಯಾಕ್ರಿ ಅಕ್ಕಾರ?"

"ಆ ತಂಗಿ ಮನಿಯಾಗ ಇಲ್ಲರಿ," ಅಂದೆ. "ಬರ್ಫ ನೋಡಾಕ ಹೋಗ್ಯಾಳ. ನೀವು ಲಾಡ್ಜ್ ಹಿಡೀರಿ. ಹರಿದ್ವಾರದಾಗ ಧರ್ಮಶಾಲಿನೂ ಇರ್ತಾವ."

"ಯಾವಾಗ ಹೋದ್ಲು? ನನಗ ಹೇಳೇ ಇಲ್ಲ!" ಅಂದರು ಇವರು.

"ಮನಿಗಿ ಬರ್ರಿ, ಹೇಳ್ತೀನಿ."

ಮನೆಯಲ್ಲಿ ಎಲ್ಲ ಹೇಳಿದೆ. ಅನ್ನಪೂರ್ಣ ಹೇಳಬೇಡಿ ಅಂದದ್ದನ್ನೂ ಹೇಳಿದೆ. ಮೈಸೂರಿನ ನಲ್ಲಿ, ಪುಣೆಯ ಒಲೆ, ಗೋವಾದ ಹದಿನಾಲ್ಕು ಜನ, ಒಂದನ್ನೂ ಬಿಡಲಿಲ್ಲ. ಇವರು ಮೊದಲು ವಾದ ಮಾಡಿದರು, ಮನೆ ಅಂದ ಮೇಲೆ ಬರಹೋಗುವವರು ಇರಬೇಕು ಅಂದರು, ಹಾಗಿದ್ದರೆ ಅವಳು ಒಂದು ಸಲವಾದರೂ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಅಂದರು.

ಆಗ, ಅವತ್ತೂ ಬೇಳೆ ಹಸನು ಮಾಡುತ್ತ ಕೂತಿದ್ದ ಅತ್ತೆ ಮೊರ ಕೆಳಗಿಟ್ಟರು.

"ಕಲ್ಲೇಶ, ನಾ ಕಾಶಿಗಿ ಹೋಗಿದ್ದೆ, ನೆನಪೈತೇನು?"

"ಹ್ಞೂಂ ಯವ್ವಾ. ಅಪ್ಪನ ಜೋಡಿ. ಮೂವತ್ತ ಮಂದಿ ಹೋಗಿದ್ರಿ."

"ಆ ಮೂವತ್ತ ಮಂದಿಗಿ ಅಡಿಗಿ ಮಾಡಿದವರು ಯಾರು? ನಾ ಗಂಗೀನ ನೋಡಿದ್ದು ಬೋಗುಣಿ ತೊಳಿಯಾಕ ಹ್ವಾದಾಗ. ನಿಮ್ಮಪ್ಪ ಬಂದು ಊರ ತುಂಬ ಕಾಶಿ ವರ್ಣಿಸಿದ. ನಾನೂ ಬಾಯಿ ಬಿಟ್ಟು ಹೇಳಲಿಲ್ಲ. ಈಗ ಹೇಳಾಕತ್ತೀನಿ."

ಇವರು ಡೈರಿ ತೆಗೆದು ತೊಡೆಯ ಮೇಲೆ ಬಿಚ್ಚಿಕೊಂಡರು. ಆಮೇಲೆ ಪುಣೆಯ ಮೇಲೆ ಗೀಟು ಹೊಡೆದರು. ದಿಲ್ಲಿಯ ಮೇಲೆ ಹೊಡೆದರು. ಹಂಚಲಿಕ್ಕೆಂದು ಬರೆದಿದ್ದ ಮೂರು ಇಳಕಲ್ ಸೀರೆ, ಮಕ್ಕಳಿಗೆ ಕಿನ್ನಾಳದ ಗೊಂಬೆ, ಇಪ್ಪತ್ತು ಕಿಲೋ ಜೋಳದ ಹಿಟ್ಟು, ಎಲ್ಲ ಅಳಿಸಿದರು. ಆ ಉಡುಗೊರೆಗಳ ದುಡ್ಡಿನಲ್ಲೇ ನಾಲ್ಕು ದಿನದ ಲಾಡ್ಜ್ ಆಗುತ್ತಿತ್ತು. ಅದು ಅವರಿಗೂ ಕಾಣಿಸಿತು, ನನಗೂ ಕಾಣಿಸಿತು, ಇಬ್ಬರೂ ಆ ಮಾತು ಎತ್ತಲಿಲ್ಲ. ಅನ್ನಪೂರ್ಣಳ ಹೆಸರಿಗೆ ಬಂದಾಗ ಪೆನ್ನು ನಿಂತಿತು. ಫೋನು ತೆಗೆದು ಸ್ಪೀಕರಿಗೆ ಹಾಕಿದರು.

"ತಂಗಿ, ನಾವು ನಿಮ್ಮ ಮನಿಗಿ ಬರೂದಿಲ್ಲ."

"ಯಾಕಣ್ಣಾ? ನನ್ನ ಕೈಲೆ ಏನ ತಪ್ಪಾತು?"

ನಾನು ಫೋನಿಗೆ ಕೈಹಾಕುವಷ್ಟರಲ್ಲಿ ಇವರೇ ಮಾತಾಡಿದರು. "ತಪ್ಪು ನಂದು. ಇಷ್ಟ ಮಂದೀನ ಕಳಿಸಿದೆ, ನೀ ಹೆಂಗ ಅದಿ ಅಂತ ಒಮ್ಮಿನೂ ಕೇಳಲಿಲ್ಲ. ಈಗ ಕೇಳ, ಅಂದಪ್ಪಗ ನಾಕ ದಿನ ರಜಾ ಹಾಕಾಕ ಹೇಳು. ಮನಿಗಿ ಕೀಲಿ ಹಾಕ್ರಿ. ನಾಕೂ ಮಂದಿ ಕೂಡೇ ಚೋಪ್ತಾಕ್ಕ ಹೋಗೂಣು. ಅಲ್ಲೆ ಎರಡ ಖೋಲಿ ಹಿಡೀತೀನಿ."

"ಅಡಿಗಿ?" ಅಂದಳು ಅನ್ನಪೂರ್ಣ.

"ಖೋಲಿ ಕೊಡವರ ಮಾಡಿ ಹಾಕ್ತಾರಂತ."

"ನಾ ಏನ ತರಲಿ ಮತ್ತ?"

"ಸ್ವೆಟರ ತಾ," ಅಂದೆ ನಾನು.

ನಾನು ಕೋಟನ್ನು ಟ್ರಂಕಿನಿಂದ ಹೊರಗೆ ತೆಗೆದೆ. ಹೊರಡುವ ದಿನ ಅತ್ತೆ ರೈಲಿಗೆ ಬೇಕಾದಷ್ಟು ರೊಟ್ಟಿ ಚಟ್ನಿ ಕಟ್ಟಿಕೊಟ್ಟು, "ದಿಲ್ಲಿ ಬರೂದ್ರಾಗ ತೀರಿಸ್ರಿ. ಮುಂದ ಮಂದಿ ಮಾಡಿದ್ದ ತಿನ್ರಿ," ಅಂದರು.

ಡೆಹ್ರಾಡೂನಿನ ಬಸ್ ಸ್ಟ್ಯಾಂಡಿನಲ್ಲಿ ಅನ್ನಪೂರ್ಣ ಅಂದಪ್ಪನ ಜೊತೆ ನಿಂತಿದ್ದಳು. ಕೊರಳಿಗೆ ದಾರದಲ್ಲಿ ಮನೆಯ ಕೀಲಿಕೈ ಹಾಕಿಕೊಂಡಿದ್ದಳು. ಇಡೀ ದಿನ ಬಸ್ಸು ತಿರುಗಿ ತಿರುಗಿ ಏರಿತು. ದಾರಿಯಲ್ಲಿ ನಾನು ಅವಳಿಗೆ ಮುದಿಯಪ್ಪನ ಚೀಟಿ ಕಸಿದುಕೊಂಡು ಏನು ಹೇಳಿದೆ ಅನ್ನುವ ಕತೆ ಹೇಳಿದೆ. ಇವರು ಎರಡು ಸಲ ವಾಂತಿ ಮಾಡಿಕೊಂಡು, "ಇದು ಹುಬ್ಬಳ್ಳಿ ದಾರಿ ಅಲ್ಲ ಬಿಡ," ಎಂದು ಒಪ್ಪಿಕೊಂಡರು. ಸಂಜೆ ಹೊತ್ತಿಗೆ ಚೋಪ್ತಾದ ಹತ್ತಿರದ ಒಂದು ಊರಿನ ಕಲ್ಲುಮನೆಯ ಎರಡು ಖೋಲಿಗಳಲ್ಲಿ ಇಳಿದೆವು. ಮಂಜು ಕವಿದು ಏನೂ ಕಾಣುತ್ತಿರಲಿಲ್ಲ. ಆ ಮನೆಯ ಹೆಂಗಸು ಬಿಸಿ ಬೇಳೆ, ಅನ್ನ ಹಾಕಿದಳು. ಅನ್ನಪೂರ್ಣ ಮೂರು ಸಲ ಎದ್ದು ಬಡಿಸಲು ಹೋದಳು, ಮೂರೂ ಸಲ ನಾನು ಸೆರಗು ಹಿಡಿದು ಕೂರಿಸಿದೆ.

ಬೆಳಗ್ಗೆ ನಸುಬೆಳಕು ಹರಿಯುವಾಗ ನನಗೆ ಎಚ್ಚರವಾಯಿತು. ಯಾರೂ ಎಬ್ಬಿಸಲಿಲ್ಲ, ಹತ್ತೊಂಬತ್ತು ವರ್ಷದ ಚಾಳಿ. ಕೋಟು ಹಾಕಿಕೊಂಡು ನಿದ್ದೆಗಣ್ಣಿನಲ್ಲಿ ಜಗುಲಿಗೆ ಬಂದರೆ ಕಾಲುಗಳು ತಾವಾಗಿಯೇ ಅಡುಗೆಮನೆಯ ಕಡೆ ತಿರುಗಿದವು. ಬಾಗಿಲಲ್ಲಿ ಆಗಲೇ ಅನ್ನಪೂರ್ಣ ನಿಂತಿದ್ದಳು, ಸೆರಗು ಸಿಕ್ಕಿಸಿಕೊಂಡು. ಒಳಗೆ ಆ ಹೆಂಗಸು ಒಲೆ ಹಚ್ಚುತ್ತಿದ್ದಳು. ನಮ್ಮಿಬ್ಬರನ್ನೂ ನೋಡಿ ಹಿಂದಿಯಲ್ಲಿ ಏನೋ ಅಂದು, ನಕ್ಕು, ನಮ್ಮ ಹಿಂದೆ ಬೊಟ್ಟು ಮಾಡಿದಳು.

ತಿರುಗಿ ನೋಡಿದೆವು. ಅಂಗಳ ಬೆಳ್ಳಗಾಗಿತ್ತು. ಗೋಡೆ, ಸೌದೆಯ ರಾಶಿ, ದನದ ಕೊಟ್ಟಿಗೆಯ ಮಾಡು, ಎಲ್ಲದರ ಮೇಲೂ ಹಿಮ ಬಿದ್ದಿತ್ತು, ಇನ್ನೂ ಬೀಳುತ್ತಿತ್ತು.

ಅನ್ನಪೂರ್ಣ ಮೆಟ್ಟಿಲಿಳಿದು ಹೋಗಿ ಬಗ್ಗಿದಳು. ಎರಡೂ ಕೈಯಲ್ಲಿ ಹಿಮ ಎತ್ತಿಕೊಂಡಳು. ಅವಳ ಮಣಿಕಟ್ಟಿನ ಮೇಲೆ ಹಂಚು ತಾಗಿದ ಕಪ್ಪು ಗೀಟುಗಳಿದ್ದವು, ನನ್ನ ಕೈಮೇಲಿರುವಂಥವೇ. ಹಿಮ ಹಿಡಿದ ಕೈಗಳು ಒಂದು ಗಳಿಗೆ ಸುಮ್ಮನಿದ್ದವು, ಆಮೇಲೆ ತಟ್ಟತೊಡಗಿದವು. ಆ ಅಂಗೈಯಿಂದ ಈ ಅಂಗೈಗೆ, ತಿರುಗಿಸಿ ತಿರುಗಿಸಿ, ದುಂಡಗೆ.

"ವೈನಿ," ಅಂದಳು, ಕಣ್ಣಲ್ಲಿ ನೀರು, ಬಾಯಿ ತುಂಬ ನಗು. "ಬರ್ಫ ಹಿಡದ್ರೂ ರೊಟ್ಟಿನ ಆಗಾಕತೈತಿ ನೋಡ್ರಿ!"

ನಾನೂ ಒಂದು ತಟ್ಟಿದೆ. ಕೈ ಜೋಮು ಹಿಡಿಯುವಷ್ಟು ತಣ್ಣಗಿತ್ತು, ನನಗೆ ಅಷ್ಟು ಸುಖವಾಗಿತ್ತು ಅಂದರೆ ಅಳು ಬಂತು. ಯಾರ ತಾಟಿಗೂ ಹೋಗದ ರೊಟ್ಟಿ ನಾನು ಹುಟ್ಟಿದ ಮೇಲೆ ತಟ್ಟಿದ್ದು ಅದೊಂದೇ.

ಅಷ್ಟರಲ್ಲಿ ನಮ್ಮ ಖೋಲಿಯ ಬಾಗಿಲು ತೆರೆಯಿತು. ನನ್ನ ಗಂಡ ರಗ್ಗು ಹೊದ್ದುಕೊಂಡು ಮೆಟ್ಟಿಲಿಗೆ ಬಂದು, ಕಣ್ಣು ಉಜ್ಜಿಕೊಳ್ಳುತ್ತ, ಅವರೂ ಚಾಳಿಯಂತೆಯೇ ಕೇಳಿದರು.

"ಚಾ ಆತೇನ?"

ಎರಡು ರೊಟ್ಟಿಗಳು ಒಟ್ಟಿಗೇ ಹಾರಿದವು. ನನ್ನದು ಗೋಡೆಗೆ ಬಡಿಯಿತು, ಅನ್ನಪೂರ್ಣಳದು ಅವರ ಎದೆಗೆ.

"ಇವತ್ತ ನಿನ್ನ ತಂಗಿ ಮನಿಯಾಗ ಇಲ್ಲಣ್ಣಾ," ಎಂದು ಅವಳು ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿದಳು. "ಬರ್ಫ ನೋಡಾಕ ಹೋಗ್ಯಾಳ!"

ಇವರು ರಗ್ಗು ಝಾಡಿಸಿದರು. ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ಆಮೇಲೆ ಅಡುಗೆಮನೆಯ ಕಡೆ ನಡೆದು, ಬಾಗಿಲಲ್ಲಿ ನಿಂತು, ತಮಗೆ ಬರುವ ಹರಕು ಮುರುಕು ಹಿಂದಿಯಲ್ಲಿ ನಾಲ್ಕು ಚಹಾ ಕೇಳಿದರು, ಮತ್ತು ತಾವೇ ಲೋಟಗಳನ್ನು ತೊಳೆಯಲು ಕೂತರು.